ಹಸಿವೂ ಅವಂದ, ಅನ್ನಾನೂ ಅವಂದ

ಶಿವರಾತ್ರಿ ಕಳೆದು ಬಿಸಿಲು ಬಲಿಯುವ ಹೊತ್ತಿಗೆ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಶ್ರೀಶೈಲದ ಮಾತು ಶುರುವಾಗುತ್ತದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಕೊಪ್ಪಳ, ರಾಯಚೂರು ಸೀಮೆಗಳಿಂದ ಜನ ಅಲ್ಲಿನ ದೇವರು ಮಲ್ಲಯ್ಯನ ಕಂಬಿ ಹೊತ್ತು ಹೊರಡುತ್ತಾರೆ. ಯುಗಾದಿಗೆ ಅವನ ಮುಂದೆ ನಿಲ್ಲಬೇಕು, ಅದೂ ನಡೆದೇ ಹೋಗಿ ನಿಲ್ಲಬೇಕು. ಬೆಳಗಾವಿ ಕಡೆಯವರಿಗೆ ಅದು 500 ಕಿಲೋಮೀಟರಿಗೂ ಮಿಕ್ಕಿದ ದಾರಿ. ಬರಿಗಾಲಲ್ಲಿ ನಡೆಯುವವರಿಗೆ ಲೆಕ್ಕವಿಲ್ಲ. ಹರಕೆ ಹೊತ್ತ ಕೆಲವರು ಮರಗಾಲು ಕಟ್ಟಿಕೊಂಡು, ಕಾದ ಡಾಂಬರಿನ ಮೇಲೆ ಟಕಟಕ ಸದ್ದು ಮಾಡುತ್ತ, ನೆಲದಿಂದ ಮೇಲೆದ್ದು ನಡೆಯುತ್ತಾರೆ. ಅವರನ್ನು ಮೊದಲ ಸಲ ಕಂಡಾಗ ನಾನು ರಸ್ತೆಬದಿಯಲ್ಲಿ ಕೈಮುಗಿದು ನಿಂತುಬಿಟ್ಟೆ.

ಈ ನಡಿಗೆ ಬಹಳ ಹಳೆಯದು. 13ನೇ ಶತಮಾನದ ಪಾಲ್ಕುರಿಕೆ ಸೋಮನಾಥ ತನ್ನ ತೆಲುಗು ಕಾವ್ಯ 'ಪಂಡಿತಾರಾಧ್ಯ ಚರಿತ್ರ'ದಲ್ಲಿ ಶ್ರೀಶೈಲ ಪರ್ವತದ ಯಾತ್ರೆಗೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟಿದ್ದಾನೆ. ಅದಕ್ಕೂ ಹಿಂದೆ, 12ನೇ ಶತಮಾನದಲ್ಲಿ, ಶಿಕಾರಿಪುರ ಸೀಮೆಯ ಉಡುತಡಿಯ ಹೆಣ್ಣುಮಗಳೊಬ್ಬಳು ಅರಮನೆ ತೊರೆದು, ಕಲ್ಯಾಣದ ಶರಣರ ಸಂಗದಲ್ಲಿ ಕೆಲಕಾಲವಿದ್ದು, ಇದೇ ಪರ್ವತದ ಕಡೆಗೆ ಒಬ್ಬಳೇ ನಡೆದು ಬಂದಿದ್ದಳು. ಅಕ್ಕಮಹಾದೇವಿ ತುಳಿದ ನೆಲವನ್ನು ನಾವೂ ತುಳಿಯುತ್ತಿದ್ದೇವೆ ಎಂಬ ಅರಿವೇ ಇಲ್ಲಿ ಮೈ ಜುಮ್ಮೆನ್ನಿಸುತ್ತದೆ.

ನನ್ನ ಒಳಗೆ ಬರ ಬಿದ್ದಿದ್ದ ಕಾಲದಲ್ಲಿ ನಾನು ಈ ದಾರಿ ಹಿಡಿದೆ. ಪೂಜೆ ತಪ್ಪಿರಲಿಲ್ಲ, ವಿಭೂತಿ ತಪ್ಪಿರಲಿಲ್ಲ, ಮಂತ್ರ ನಾಲಿಗೆಯ ಮೇಲೇ ಇತ್ತು. ಎದೆಗೆ ಮಾತ್ರ ಏನೂ ಇಳಿಯುತ್ತಿರಲಿಲ್ಲ. ಮನೆಯಲ್ಲಿ ಸಾವು, ಕಾಯಿಲೆ, ಸಾಲ ಒಂದರ ಹಿಂದೊಂದು ಬಂದಿದ್ದವು. ಬಾಗಲಕೋಟೆ ಕಡೆಯ ಒಂದು ತಂಡದ ಜೊತೆ ಹೆಜ್ಜೆ ಹಾಕಿದೆ.

ಆ ದಾರಿಯಲ್ಲಿ ಮೊದಲು ಬೆರಗು ಹುಟ್ಟಿಸುವುದು ಅನ್ನ. ಯಾತ್ರಿಕರ ಹೆಗಲ ಮೇಲೆ ಬುತ್ತಿಯ ಭಾರವಿಲ್ಲ. ಮೈಲಿಗೊಂದು ಶಾಮಿಯಾನ, ಅದರ ಕೆಳಗೆ ದಾಸೋಹ. ಒಂದು ಕಡೆ ಎಳೆಬಿಸಿಲಿಗೆ ಮೊದಲೇ ಉಪ್ಪಿಟ್ಟು, ಚಹಾ. ಇನ್ನೊಂದು ಕಡೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಜುಣಕ, ಅನ್ನ, ಸಾರು. ಮಧ್ಯಾಹ್ನವಾದರೆ ಮಜ್ಜಿಗೆ, ಕಲ್ಲಂಗಡಿ. ಬಡಿಸುವವರಲ್ಲಿ ಹೊಲದ ಕೆಲಸ ಬಿಟ್ಟು ಬಂದ ರೈತರಿದ್ದಾರೆ, ಊರಿನವರು ಒಟ್ಟುಗೂಡಿಸಿದ ಜೋಳದ ಚೀಲಗಳನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದ ಯುವಕರಿದ್ದಾರೆ, ದಾರಿಬದಿಯ ಊರುಗಳ ತೆಲುಗು ಮನೆಯವರಿದ್ದಾರೆ. ಒಂದು ಶಾಮಿಯಾನದಲ್ಲಿ ಉಂಡು ಮುಂದಿನದನ್ನು ದಾಟಿ ಹೋಗುತ್ತಿದ್ದ ನನಗೆ ಒಬ್ಬಾತ ಅಡ್ಡ ಬಂದು ಕೈಹಿಡಿದ.

"ಯಪ್ಪಾ, ಒಂದ್ ತುತ್ತರ ಉಂಡು ಹೋಗ್ರಿ. ನೀವು ಉಣ್ಣಲಿಲ್ಲಂದ್ರ ನಮ್ಮ ಮಲ್ಲಯ್ಯ ಉಪವಾಸ ಇರ್ತಾನ್ರಿ."

ಅಲ್ಲೇ ಪಕ್ಕದಲ್ಲಿ, ನಮ್ಮ ತಂಡದ ಅಜ್ಜಿಯೊಬ್ಬಳ ಪಾದವನ್ನು ಒಬ್ಬ ಹುಡುಗ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅಂಗಾಲಿನ ಬೊಬ್ಬೆಗೆ ಸೂಜಿದಾರ ಪೋಣಿಸಿದ. ನೀರು ದಾರದ ಗುಂಟ ಇಳಿದು ಬಂತು. ಚರ್ಮ ಕೀಳದೆ, ದಾರದ ತುದಿಯನ್ನು ಹಾಗೇ ಬಿಟ್ಟು ಕತ್ತರಿಸಿ, ಕೊಬ್ಬರಿ ಎಣ್ಣೆಯಲ್ಲಿ ಅರಿಶಿನ ಕಲಸಿ ಹಚ್ಚಿದ. ಆಮೇಲೆ ಆ ಪಾದಕ್ಕೆ ಹಣೆ ಮುಟ್ಟಿಸಿ, ಮುಂದಿನ ಪಾದಕ್ಕೆ ಸರಿದ. ಅಜ್ಜಿ ಅವನ ತಲೆ ಸವರಿ ಎದ್ದು ನಡೆದಳು.

ಆ ಅಜ್ಜಿಯ ಕಂಕುಳಲ್ಲಿ ಒಂದು ಗಂಟಿತ್ತು. ಒಳಗೆ ಇಳಕಲ್ ಸೀರೆ, ಖಣ, ಹಸಿರು ಬಳೆ, ಅರಿಶಿನ ಕುಂಕುಮ. ಮಲ್ಲಯ್ಯನ ಮಡದಿ ಭ್ರಮರಾಂಬೆ ಕನ್ನಡಿಗರ ಮನೆಮಗಳೆಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿದೆ, ಮಲ್ಲಯ್ಯ ಅಳಿಯ. ಮಗಳ ಮನೆಗೆ ಬರಿಗೈಯಲ್ಲಿ ಹೋಗುವುದುಂಟೆ? ನಲ್ಲಮಲದ ಕಾಡಿನಲ್ಲಿ ಬಾಳುವ ಚೆಂಚು ಜನರೂ ಅವನನ್ನು ಅಳಿಯನೆಂದೇ ಕರೆಯುತ್ತಾರೆ. ಅವರ ಹೆಣ್ಣೊಬ್ಬಳನ್ನು ಅವನು ಮೆಚ್ಚಿ ಮದುವೆಯಾದನಂತೆ. ಹೀಗೆ ಎರಡು ನುಡಿಯವರಿಗೆ ನೆಂಟನಾದ ದೇವರ ಮನೆಗೆ ನಾವು ಹೊರಟಿದ್ದೆವು.

ಆತ್ಮಕೂರು ದಾಟಿ ವೆಂಕಟಾಪುರಕ್ಕೆ ಬಂದರೆ ಊರು ಮುಗಿದು ಕಾಡು ಶುರು. ದೇಶದ ಅತಿ ದೊಡ್ಡ ಹುಲಿಧಾಮ, ನಾಗಾರ್ಜುನಸಾಗರ–ಶ್ರೀಶೈಲ, ಹಬ್ಬಿರುವುದು ಈ ನಲ್ಲಮಲದಲ್ಲೇ. ಯುಗಾದಿಯ ಹೊತ್ತಿಗೆ ತೇಗ, ಮತ್ತಿ, ಬಿದಿರು ಎಲೆ ಉದುರಿಸಿ ಬೋಳಾಗಿರುತ್ತವೆ. ಬೂದು ಗುಡ್ಡಗಳ ನಡುವೆ ಅಲ್ಲೊಂದು ಇಲ್ಲೊಂದು ಮುತ್ತುಗ ಮಾತ್ರ ಕೆಂಡದಂತೆ ಹೂ ಬಿಟ್ಟಿರುತ್ತದೆ. ನಾಗಲೂಟಿಯ ವೀರಭದ್ರನಿಗೆ ಕೈಮುಗಿದು ಪೆಚ್ಚೆರುವಿನ ಕಡೆ ಏರತೊಡಗಿದೆವು. ದಾಸೋಹದ ಮಂದಿ ಇಲ್ಲಿಗೂ ನೀರು ಹೊತ್ತು ತರುತ್ತಾರೆ. ಆದರೆ ಒಂದು ತಾವಿನಿಂದ ಇನ್ನೊಂದು ತಾವಿಗೆ ನಡುವಿನ ದಾರಿ ದೀರ್ಘ. ಕಲ್ಲು ಕಾದಿರುತ್ತದೆ, ನೆರಳಿರುವುದಿಲ್ಲ. ಬಾಟಲಿ ಬರಿದಾಗಿತ್ತು. ಹೊಟ್ಟೆ ಚುರುಗುಟ್ಟುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಎಲ್ಲರೂ "ಮಲ್ಲಯ್ಯಾ" ಎಂದು ಕೂಗುವಾಗ ನನ್ನ ಗಂಟಲಿನಿಂದ ಆ ಹೆಸರು ಹೊರಡುತ್ತಿರಲಿಲ್ಲ.

"ಅಜ್ಜೀ, ಮುಂದ ಊಟಾ ಸಿಗಲಿಲ್ಲಂದ್ರ?" ಎಂದು ಕೇಳಿದೆ.

"ಸಿಗಲಿಲ್ಲಂದ್ರ ಹಸ್ಕೊಂಡು ನಡಿಯೂದು, ತಮ್ಮಾ. ಹಸಿವೂ ಅವಂದ, ಅನ್ನಾನೂ ಅವಂದ. ಯಾವ್ದು ಕೊಡ್ತಾನೋ ಅದನ್ನ ತಗೊಂಡು ನಡೀಬೇಕು."

ಅನ್ನ ಅವನದೆಂಬುದನ್ನು ಎಲ್ಲರೂ ಹೇಳುತ್ತಾರೆ. ಹಸಿವೂ ಅವನ ಕೊಡುಗೆ ಎಂಬ ಮಾತನ್ನು ಹಸಿದ ಹೊಟ್ಟೆಯಲ್ಲೇ ನಡೆಯುತ್ತ ಹೇಳಿದವಳು ಈ ಅಜ್ಜಿ. ಭೀಮುನಿಕೊಳನಿನ ಕೊಳ್ಳಕ್ಕೆ ಇಳಿಯುವಾಗ ಆ ಮಾತು ನನ್ನ ಜೊತೆಗೇ ಇಳಿಯಿತು.

ಕಡಿದಾದ ಮೆಟ್ಟಿಲು, ಎರಡೂ ಕಡೆ ಎತ್ತರದ ಬಂಡೆಗೋಡೆ, ಅಡಿಯಲ್ಲಿ ಕಾಡಿನ ಮಡಿಲೊಳಗೆ ತಣ್ಣನೆಯ ಮಡು. ಅಂಥ ಕೊಳ್ಳವನ್ನು ಕಂಡ ಕನ್ನಡಿಗನಿಗೆ ಸಿದ್ಧರಾಮ ನೆನಪಾಗದೆ ಇರುವುದಿಲ್ಲ. ರಾಘವಾಂಕ 'ಸಿದ್ಧರಾಮ ಚಾರಿತ್ರ'ದಲ್ಲಿ ಹೇಳಿದ ಕಥೆ ಅದು. ಸೊನ್ನಲಿಗೆಯ, ಅಂದರೆ ಇಂದಿನ ಸೊಲ್ಲಾಪುರದ, ಒಬ್ಬ ಹುಡುಗ. ಹೊಲದಲ್ಲಿದ್ದಾಗ ಜಂಗಮನೊಬ್ಬ ಬಂದು ತನ್ನ ಹೆಸರು ಮಲ್ಲಯ್ಯ, ಊರು ಶ್ರೀಶೈಲ ಎಂದ; ಹಸಿವೆಂದ. ಹುಡುಗ ಮಜ್ಜಿಗೆ ತರಲು ಮನೆಗೆ ಓಡಿದ. ಮರಳಿ ಬರುವಷ್ಟರಲ್ಲಿ ಅತಿಥಿ ಇರಲಿಲ್ಲ. "ಮಲ್ಲಯ್ಯಾ" ಎಂದು ಅಳುತ್ತ, ಶ್ರೀಶೈಲಕ್ಕೆ ಹೊರಟ ಯಾತ್ರಿಕರ ಬೆನ್ನು ಹಿಡಿದ. ಗುಡಿಯಲ್ಲಿ ಲಿಂಗ ತೋರಿಸಿದರೆ, ಇದಲ್ಲ, ನನ್ನ ಮಲ್ಲಯ್ಯ ಬೇಕು ಎಂದ. ಎಲ್ಲಿ ಹುಡುಕಿದರೂ ಸಿಗದೆ ಕೊಳ್ಳಕ್ಕೆ ಹಾರಲು ನಿಂತಾಗ ಮಲ್ಲಯ್ಯ ಬಂದು ಅವನನ್ನು ಹಿಡಿದುಕೊಂಡ.

ಈ ಕಥೆಯಲ್ಲಿ ದೇವರೇ ಹಸಿದು ಬರುತ್ತಾನೆ. ಬೇಡಿ, ಉಂಡು ತೃಪ್ತನಾಗುವ ಮೊದಲೇ ಮರೆಯಾಗುತ್ತಾನೆ. ತನ್ನ ಹಸಿವನ್ನು ಹುಡುಗನ ಎದೆಯಲ್ಲಿ ಇಟ್ಟು ಹೋಗುತ್ತಾನೆ. ಆ ಹಸಿವೇ ಹುಡುಗನನ್ನು ನೂರಾರು ಮೈಲಿ ನಡೆಸಿತು. ಕಂಡ ಮೇಲೂ ಮಲ್ಲಯ್ಯ ಅವನನ್ನು ತನ್ನ ಬಳಿ ಇಟ್ಟುಕೊಳ್ಳಲಿಲ್ಲ. ಸೊನ್ನಲಿಗೆಗೆ ಮರಳಿ ಹೋಗಿ ಅದನ್ನೇ ಶ್ರೀಶೈಲ ಮಾಡು ಎಂದ. ಸಿದ್ಧರಾಮ ಕೆರೆ ತೋಡಿಸಿದ, ಗುಡಿ ಕಟ್ಟಿಸಿದ. ಸೊಲ್ಲಾಪುರದಲ್ಲಿ ಇಂದಿಗೂ ಅವನ ಗುಡಿಯ ಸುತ್ತ ನೀರು ನಿಂತಿದೆ. ಮಜ್ಜಿಗೆ ತಂದುಕೊಡಲಾಗದ ಕೈ ಒಂದು ಊರಿಗೇ ನೀರು ಕೊಟ್ಟಿತು. ನನ್ನ ಕೈಹಿಡಿದು ಉಣ್ಣಲು ಎಳೆದ ಆ ಮನುಷ್ಯನ ಮಾತು ನನಗೆ ಆಗ ಪೂರ್ತಿಯಾಗಿ ಅರ್ಥವಾಯಿತು. ಅವನು ಮಲ್ಲಯ್ಯನಿಗೇ ಬಡಿಸುತ್ತಿದ್ದ.

ಮಡುವಿನ ನೀರು ಮುಖಕ್ಕೆ ಎರಚಿಕೊಂಡು, ಎದುರು ದಂಡೆಯ ಏರನ್ನು ಹತ್ತಿ ಕೈಲಾಸದ್ವಾರ ಮುಟ್ಟಿದೆವು. ದ್ವಾರದ ಕೆಳಗೆ ಜನ ಬಿಕ್ಕಿ ಬಿಕ್ಕಿ ಅಳುತ್ತಿದ್ದರು, ನಗುತ್ತಿದ್ದರು, ನೆಲಕ್ಕೆ ಉದ್ದಂಡ ಬೀಳುತ್ತಿದ್ದರು. ಶ್ರೀಶೈಲದ ದಾರಿಗೆ 14ನೇ ಶತಮಾನದಲ್ಲಿ ಮೆಟ್ಟಿಲು ಹಾಕಿಸಿದವನು ರೆಡ್ಡಿ ಅರಸ ಪ್ರೋಲಯ ವೇಮ. ಗುಡ್ಡದ ಕೆಳಗೆ ಕೃಷ್ಣೆಯ ದಡದ ಪಾತಾಳಗಂಗೆಗೆ ಇಳಿಯುವ ಸೋಪಾನವನ್ನು 1393ರಲ್ಲಿ ಕಟ್ಟಿಸಿದವಳು ವಿಜಯನಗರದ ಎರಡನೇ ಹರಿಹರನ ರಾಣಿ ವಿಠಲಾಂಬೆ. ಆರು ಶತಮಾನಗಳ ಹಿಂದಿನವರೂ ನಮ್ಮ ಕಾಲಿಗೆ ಆಸರೆ ಇಟ್ಟು ಹೋಗಿದ್ದಾರೆ. ನಾವು ಹುಟ್ಟುವ ಮೊದಲೇ ನಮ್ಮ ಯಾತ್ರೆಗೆ ಸಿದ್ಧತೆ ನಡೆದಿತ್ತು!

ಗರ್ಭಗುಡಿಯಲ್ಲಿ ದರ್ಶನ ಕ್ಷಣಮಾತ್ರ. ಅಜ್ಜಿ ಅಮ್ಮನವರ ಗುಡಿಯಲ್ಲಿ ಗಂಟು ಬಿಚ್ಚಿ ಸೀರೆ ಒಪ್ಪಿಸಿದಳು. "ಹ್ಯಾಂಗದೀ ಯವ್ವಾ" ಎಂದು ಮಗಳನ್ನೇ ಕೇಳಿದಂತೆ ಕೇಳಿದಳು. ನನ್ನ ಎದೆ ಆಗಲೂ ತುಂಬಲಿಲ್ಲ. ಆದರೆ ಆ ಖಾಲಿಯನ್ನು ಕಂಡು ಮೊದಲಿನಂತೆ ಹೆದರಿಕೆಯೂ ಆಗಲಿಲ್ಲ.

ಮರುದಿನ ಪಾತಾಳಗಂಗೆಯಿಂದ ದೋಣಿ ಹಿಡಿದು ಅಕ್ಕನ ಗವಿಗೆ ಹೋದೆ. ಅಣೆಕಟ್ಟಿನ ಹಿನ್ನೀರಿನಲ್ಲಿ ಕೃಷ್ಣೆ ಗುಡ್ಡಗಳ ನಡುವೆ ಹಸಿರಾಗಿ ನಿಂತಿದ್ದಾಳೆ. ದಡದಿಂದ ಹತ್ತಿ ಹೋದರೆ, ಪ್ರಕೃತಿಯೇ ಕೊರೆದ ಭಾರಿ ಕಲ್ಲಿನ ಕಮಾನು. ಅದರಾಚೆ ಗವಿ. ಒಳಗೆ ಹೋದಂತೆ ದಾರಿ ಇಕ್ಕಟ್ಟಾಗುತ್ತದೆ, ಕತ್ತಲಾಗುತ್ತದೆ. ಮೈ ಕುಗ್ಗಿಸಿ, ಅಡ್ಡ ತಿರುಗಿ, ಬಂಡೆ ಸವರುತ್ತ ಸಾಗಬೇಕು. ಕೊನೆಯಲ್ಲಿ ಒಂದು ಲಿಂಗ. ಅಕ್ಕ ಇಲ್ಲಿ ತಪಸ್ಸು ಮಾಡಿದಳೆಂದು ಜನ ನಂಬುತ್ತಾರೆ. ಊರ ಭಿಕ್ಷೆಯನ್ನೂ ಕೆರೆಬಾವಿಯ ನೀರನ್ನೂ ನಂಬಿ ನಿಶ್ಚಿಂತಳಾಗಿ ನಡೆದವಳು ಅವಳು. ಆ ಭಿಕ್ಷೆಯೂ ತನಗೆ ದಕ್ಕದಿರಲಿ ಎಂದು ಇದೇ ಮಲ್ಲಯ್ಯನನ್ನು, ತನ್ನ ಚೆನ್ನಮಲ್ಲಿಕಾರ್ಜುನನನ್ನೇ ಬೇಡಿಕೊಂಡವಳೂ ಅವಳೇ. ಹೊಟ್ಟೆಗೆ ಅವನು ಕೊಟ್ಟೇ ಕೊಡುತ್ತಾನೆಂಬ ಧೈರ್ಯವಿದ್ದವಳಿಗೆ ಮಾತ್ರ ಹಸಿವನ್ನು ಕೇಳಿ ಪಡೆಯುವ ಎದೆಗಾರಿಕೆ ಬಂದೀತು. ಆ ಕತ್ತಲಲ್ಲಿ ಬಂಡೆಗೆ ಕೈಯಿಟ್ಟು ನಿಂತಾಗ, ದಾರಿಯುದ್ದಕ್ಕೂ ಹೊರಡದ ಹೆಸರು ನನ್ನ ಬಾಯಿಂದ ಹೊರಟಿತು. ಸಮಾಧಾನದಿಂದಲ್ಲ, ಹಸಿವಿನಿಂದ ಕರೆದೆ.

ಒಳಗೆ ಬರ ಬಿದ್ದವರಿಗೆ, ಪ್ರಾರ್ಥನೆ ಸಪ್ಪೆಯಾದವರಿಗೆ, ಕಷ್ಟದ ಮೇಲೆ ಕಷ್ಟ ಉಣ್ಣುತ್ತಿರುವವರಿಗೆ ನಾನು ಹೇಳುವುದಿಷ್ಟು. ದೇವರು ಕೈಬಿಟ್ಟನೆಂದು ಕೂಡಬೇಡಿ. ಅವನಿಗಾಗಿ ಹಸಿದಿದ್ದೀರಿ ಎಂದರೆ ಅವನು ನಿಮ್ಮ ಹೊಲಕ್ಕೆ ಬಂದು ಹೋಗಿದ್ದಾನೆ. ಎದ್ದು ನಡೆಯಿರಿ. ಕೊಟ್ಟ ತುತ್ತನ್ನು ಬೇಡವೆನ್ನದೆ ಉಣ್ಣಿ, ನಿಮ್ಮ ಕೈಯಲ್ಲಿ ಒಂದು ರೊಟ್ಟಿಯಿದ್ದರೆ ಅರ್ಧ ಮುರಿದು ಪಕ್ಕದವರಿಗೆ ಕೊಡಿ. ಮಲ್ಲಯ್ಯನ ದಾರಿಯಲ್ಲಿ ಅನ್ನ ಸಾಗುವುದು ಹಸಿದವರ ಕೈಯಿಂದ ಹಸಿದವರ ಕೈಗೆ.