ಬಿಟ್ಟ ಮೀನು

ಗುಂಡ್ಲುಪೇಟೆಯವನೊಬ್ಬನು ಮೀನು ಹಿಡಿದ ವಿಷಯವನ್ನು ಬರೆಯುತ್ತೇನೆಂದರೆ ವಾಚಕರು ನಕ್ಕಾರು. ನಮ್ಮದು ನೀರಿಗೆ ಬಡವಾದ ಸೀಮೆ. ನಮ್ಮ ಗುಂಡ್ಲು ಹೊಳೆಯು ನಂಜನಗೂಡಿನ ಬಳಿ ಕಪಿಲೆಯನ್ನು ಸೇರುತ್ತದೆಂದು ಮೂವತ್ತು ವರ್ಷಗಳ ಕಾಲ ನಾನೇ ಮಕ್ಕಳಿಗೆ ಪಾಠ ಹೇಳಿದ್ದೇನಾದರೂ, ವರ್ಷದ ಬಹುಭಾಗ ಅದರಲ್ಲಿ ಸೇರುವುದಕ್ಕೆ ನೀರೇ ಇರುವುದಿಲ್ಲ. ಮೀನೆಂದರೆ ನಮಗೆ ಕೆರೆಯ ಮೀನು. ನನ್ನ ತಂದೆಯವರು ಬಿಡುವಿನ ದಿನಗಳಲ್ಲಿ ಒಂದು ಬಿದಿರುಕೋಲು, ಒಂದು ತೆಂಗಿನ ಚಿಪ್ಪಿನ ತುಂಬ ಎರೆಹುಳು, ಇಷ್ಟನ್ನು ಹಿಡಿದುಕೊಂಡು ಕೆರೆಯ ಏರಿಗೆ ಹೋಗುವರು. ಸಂಜೆಗೆ ನಾಲ್ಕಾರು ಕೊರವನ ಮೀನುಗಳನ್ನು ನಾರಿಗೆ ಪೋಣಿಸಿಕೊಂಡು ಬರುವರು. ಅಂದು ಮನೆಯಲ್ಲಿ ಸಾರು. ಹಿಡಿದ ಮೀನನ್ನು ಮರಳಿ ನೀರಿಗೆ ಬಿಡುವವರು ಪ್ರಪಂಚದಲ್ಲಿ ಇದ್ದಾರೆಂದು ಯಾರಾದರೂ ಹೇಳಿದ್ದರೆ ಅವರು ಅಂಥವರ ಬುದ್ಧಿಸ್ಥಿಮಿತವನ್ನು ಸಂದೇಹಿಸುತ್ತಿದ್ದರು.

೨೦೦೯ನೆಯ ಇಸವಿಯ ಮಾರ್ಚಿಯಲ್ಲಿ, ಸರ್ವಧಾರಿ ಸಂವತ್ಸರದ ಫಾಲ್ಗುಣದಲ್ಲಿ, ನಾನೂ ಅಂಥವರ ಗುಂಪಿಗೆ ಸೇರಿದೆನು. ಚಾಮರಾಜನಗರದಲ್ಲಿ ನನ್ನೊಡನೆ ಓದಿ ಬೆಂಗಳೂರಿನಲ್ಲಿ ನೆಲಸಿದ್ದ ಮಿತ್ರರೊಬ್ಬರು, “ಎರಡು ದಿನ ಕಾವೇರಿಯ ದಡದಲ್ಲಿ ಇದ್ದು ಬರೋಣ ಬಾರಯ್ಯ, ಖರ್ಚು ನನ್ನದು” ಎಂದು ಕಾಗದ ಬರೆದರು. ಸರಕಾರದ ಪರವಾನಗಿ ಪಡೆದು, ಗಾಳ ಹಾಕಿ, ಹಿಡಿದುದನ್ನು ಬಿಟ್ಟುಬಿಡುವ ಏರ್ಪಾಡು ಆಗ ಅಲ್ಲಿ ಇದ್ದಿತು. ದಾರಿ ತೋರಿಸುವುದಕ್ಕೂ ಹರಿಗೋಲು ನಡೆಸುವುದಕ್ಕೂ ಆ ಊರಿನವರನ್ನೇ ಕೂಲಿಗೆ ಗೊತ್ತುಮಾಡಿಕೊಡುತ್ತಿದ್ದರು.

ಚಾಮರಾಜನಗರ, ಸಂತೆಮರಹಳ್ಳಿ, ಯಳಂದೂರು, ಕೊಳ್ಳೇಗಾಲಗಳನ್ನು ದಾಟಿ, ಮಳವಳ್ಳಿ ಹಲಗೂರುಗಳ ಮೇಲೆ ಹಾದು ಮುತ್ತತ್ತಿಯ ಕಡೆಗೆ ಇಳಿದೆವು. ದಾರಿಯುದ್ದಕ್ಕೂ ಹೊಂಗೆ ಚಿಗುರಿದ್ದಿತು. ಎಲೆ ಕಳೆದುಕೊಂಡ ಮುತ್ತುಗದ ಮರಗಳು ಹೂವಿನಿಂದ ಕೆಂಪಾಗಿದ್ದುವು. ಶಿವನಸಮುದ್ರದಲ್ಲಿ ಧುಮುಕಿದ ಕಾವೇರಿಯು ಅಲ್ಲಿಂದ ಮೇಕೆದಾಟಿನವರೆಗೆ ಕಾಡಿನ ನಡುವೆ ಹರಿಯುತ್ತದೆ. ಅದರ ಬಲದಂಡೆ ನಮ್ಮ ಜಿಲ್ಲೆಗೇ ಸೇರಿದ್ದು. ಸೀತಾದೇವಿಯ ಮೂಗುತಿ ಹೊಳೆಯಲ್ಲಿ ಬಿದ್ದುಹೋಗಲು ಹನುಮಂತನು ಬಾಲದಿಂದ ನೀರನ್ನು ಕಲಕಿ ಅದನ್ನು ಎತ್ತಿಕೊಟ್ಟ ಸ್ಥಳ ಮುತ್ತತ್ತಿ ಎಂದು ಅಲ್ಲಿಯವರು ಹೇಳುವರು. ನಾವು ಆ ದೇವರಿಗೆ ಕೈಮುಗಿದು ಮುಂದೆ ಹೋದೆವು.

ಆ ನೀರಿನ ಮೀನನ್ನು ನಮ್ಮ ಕಡೆ ಬಿಳಿಮೀನು ಎನ್ನುವರು. ಪುಸ್ತಕಗಳಲ್ಲಿ ಮಹಶೀರ್ ಎಂಬ ಹೆಸರೇ ಹೆಚ್ಚು. ಅದಕ್ಕೆ ಹಲ್ಲು ಬಾಯಲ್ಲಿಲ್ಲ, ಗಂಟಲಲ್ಲಿದೆ. ಏಡಿಯನ್ನು ಚಿಪ್ಪುಸಹಿತ ಅಲ್ಲಿಯೇ ಅರೆದುಬಿಡುತ್ತದೆ. ಆಂಗ್ಲರು ಇದರ ಹುಚ್ಚು ಹಿಡಿಸಿಕೊಂಡದ್ದು ಇಂದು ನಿನ್ನೆಯದಲ್ಲ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಎಚ್. ಎಸ್. ಥಾಮಸ್ ಎಂಬವರು ೧೮೭೩ರಲ್ಲಿಯೇ ಮಂಗಳೂರಿನಲ್ಲಿ ಈ ಗಾಳದ ಆಟದ ಮೇಲೆ ಒಂದು ಗ್ರಂಥವನ್ನು ಅಚ್ಚು ಹಾಕಿಸಿದರು. ೧೯೪೬ರಲ್ಲಿ ಮೈಸೂರಿನ ವಾನ್ ಇಂಗೆನ್ ಸಹೋದರರಲ್ಲಿ ಒಬ್ಬರು ಕಪಿಲೆಯಲ್ಲಿ ಹಿಡಿದ ಮೀನು ೧೨೦ ಪೌಂಡು ತೂಗಿತು. ಎಂದರೆ ಒಂದು ಮೂಟೆ ರಾಗಿ. ಗಾಳದಿಂದ ಹಿಡಿದ ಮಹಶೀರ್‌ಗಳಲ್ಲಿ ಅದೇ ಅತಿ ದೊಡ್ಡದೆಂದು ಈಗಲೂ ಎಣಿಸುತ್ತಾರೆ.

ರಾಗಿಯ ಮಾತು ಬಂದುದು ಒಳ್ಳೆಯದಾಯಿತು. ನಮಗೆ ಗೊತ್ತಾದ ಅಂಬಿಗನು ಸುಮಾರು ಐವತ್ತರ ಪ್ರಾಯದವನು. ಎಡಗೈಯಲ್ಲಿ ಎರಡೇ ಬೆರಳು. ಅವನು ಮೊದಲು ಮಾಡಿದ ಕೆಲಸವೆಂದರೆ ಒಲೆ ಹೂಡಿ ರಾಗಿಹಿಟ್ಟನ್ನು ಗಟ್ಟಿಯಾಗಿ ನಾದಿ, ಅದಕ್ಕೆ ಯಾವುದೋ ಮಸಾಲೆಯ ಪುಡಿ ಬೆರಸಿ, ನಿಂಬೆಯ ಗಾತ್ರದ ಉಂಡೆಗಳನ್ನು ಕಟ್ಟಿ ಕುದಿಯುವ ನೀರಿನಲ್ಲಿ ಬೇಯಿಸಿದ್ದು. ಅದೇ ಎರೆ. ಮೆತ್ತಗಾದರೆ ಹೊಳೆಯ ಸೆಳವಿಗೆ ಕರಗುವುದು. ಹೆಚ್ಚು ಬೆಂದರೆ ಮೀನು ಮೂಸದು. ಒಂದು ಉಂಡೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ ತಲೆಯಾಡಿಸಿ ಇನ್ನೊಂದು ಕುದಿ ಕೊಟ್ಟನು. ಮುದ್ದೆಯ ಹದ ನೋಡುವುದರಲ್ಲಿ ನನ್ನ ತಾಯಿಯವರಿಗೂ ಇಷ್ಟು ಎಚ್ಚರವಿರಲಿಲ್ಲ. (ಊರಿಗೆ ಬಂದ ಮೇಲೆ ಇದನ್ನು ಕೇಳಿ ನನ್ನ ಹೆಂಡತಿಯು, “ಮುದ್ದೆಯೂ ಹೋಯಿತು, ಮೀನೂ ಬರಲಿಲ್ಲ, ಇದೇನು ವ್ಯಾಪಾರವೂಂದ್ರೆ?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.)

ಬೆರಳು ಹೋದ ಕಥೆಯನ್ನು ಅವನೇ ಹೇಳಿದನು. ಪ್ರಾಯದಲ್ಲಿ ಅವನು ರಾತ್ರಿಯ ಹೊತ್ತು ಮಡುವಿಗೆ ಮದ್ದಿನ ತೋಟೆ ಎಸೆದು ಮೀನು ಹಿಡಿಯುತ್ತಿದ್ದವನು. ಒಂದು ಸಿಡಿತಕ್ಕೆ ಹಿರಿಮೀನು ಕಿರಿಮೀನು ಮರಿಗಳೆಲ್ಲ ಹೊಟ್ಟೆ ಮೇಲಾಗಿ ತೇಲುವುವು. ಒಂದು ರಾತ್ರಿ ತೋಟೆಯು ಕೈಯಲ್ಲಿಯೇ ಸಿಡಿಯಿತು. ಆಮೇಲೆ ಅವನನ್ನು ಈ ಕೆಲಸಕ್ಕೆ ಕರೆದರು. ಹೊಳೆಯ ಮರ್ಮವನ್ನು ಬಲ್ಲವನು ಬೇಕಾಗಿತ್ತು. “ಕಳ್ಳನ್ನೇ ಕಾವ್ಲಿಗೆ ಹಾಕ್ಬುಟ್ರು ಮೇಷ್ಟ್ರೇ” ಎಂದು ನಕ್ಕನು.

ಮೊದಲ ದಿನವೆಲ್ಲ ಬಂಡೆಯ ಮೇಲೆ ಕುಳಿತುದೇ ಬಂದಿತು. ಕೆಳಗೆ ಕಪ್ಪಾದ ಮಡು. ಆಚೆ ದಡದಲ್ಲಿ ಹೊಳೆಮತ್ತಿಯ ಮರಗಳು. ನಡುವೆ ಎರಡು ನೀರುನಾಯಿಗಳು ತಲೆಯೆತ್ತಿ ನಮ್ಮನ್ನು ನೋಡಿ, ಲಕ್ಷ್ಯಕ್ಕೆ ತಕ್ಕವರಲ್ಲವೆಂದು ತಿಳಿದು ಮುಳುಗಿದುವು. ನಾನು ಕೋಲಿನ ತುದಿಯನ್ನೇ ದಿಟ್ಟಿಸುತ್ತಿದ್ದೆನು. ಅಂಬಿಗನು, “ಕಣ್ಣಲ್ಲಿ ನೋಡ್ಬ್ಯಾಡಿ ಮೇಷ್ಟ್ರೇ, ದಾರನ ಬೆಳ್ಳಿನ ಮ್ಯಾಲಿಟ್ಕಳಿ. ಬೆಳ್ಳಲ್ಲಿ ಕೇಳಿ” ಎಂದನು. ಕೇಳುತ್ತ ಹೋದಂತೆ ಗೊತ್ತಾಯಿತು: ಮರಿಮೀನುಗಳು ಉಂಡೆಯನ್ನು ಕುಟುಕುವುದೇ ಬೇರೆ, ನೀರಿನ ಸೆಳೆತವೇ ಬೇರೆ.

ಮರುದಿನ ಇಳಿಹೊತ್ತಿನಲ್ಲಿ ಆ ಎರಡೂ ಅಲ್ಲದ ಒಂದು ಎಳೆತ ಬಂದಿತು. ರಾಟೆ ಕಿರುಚಿತು. ನೂರು ಗಜಕ್ಕೂ ಮಿಗಿಲಾಗಿ ದಾರವು ಹೋಯಿತು. ಹೋಗಿ ಒಂದು ಬಂಡೆಯ ಸಂದಿಗೆ ಸಿಕ್ಕಿಕೊಂಡಿತು. ಅಂಬಿಗನು ನನ್ನನ್ನು ಹರಿಗೋಲಿಗೆ ಹತ್ತಿಸಿ, ಹುಟ್ಟು ಹಾಕುತ್ತ ಸುಳಿಯ ಅಂಚಿನಲ್ಲಿಯೇ ಆ ಬಂಡೆಯನ್ನು ಸುತ್ತಿ, ಎರಡು ಬೆರಳಿನ ಕೈಯಿಂದ ದಾರವನ್ನು ಬಿಡಿಸಿದನು. ನನಗೆ ಈಜು ಬಾರದೆಂಬುದು ನಡುನೀರಿನಲ್ಲಿ ನೆನಪಾಯಿತು. ಆ ಮೇಲೆ ನಡೆದುದೆಲ್ಲ ಎಳೆದಾಟ. ಅದು ಕೊಡದು, ನಾನು ಬಿಡೆನು. ತೋಳು ನಡುಗಿತು, ಬಾಯಿ ಒಣಗಿತು. ಮುಕ್ಕಾಲು ಗಂಟೆಯಾದ ಮೇಲೆ ಮರಳದಿಬ್ಬದ ಬಳಿ ಅದು ಪಕ್ಕಕ್ಕೆ ವಾಲಿತು. ಆಗ ನಾನು ಅದನ್ನು ಕಂಡೆನು. ತಲೆಯ ಹಿಂದೆ ಹೋರಿಯ ಹಿಣಿಲಿನಂತೆ ಎದ್ದ ಬೆನ್ನು. ಅಂಗೈಯಗಲದ ಹುರುಪೆಗಳಲ್ಲಿ ಕಂಚಿನ ಬಣ್ಣ. ಕಿತ್ತಳೆಯ ಬಣ್ಣದ ರೆಕ್ಕೆಗಳು. “ಇಪ್ಪತ್ ಕಿಲೋಗೆ ಕಮ್ಮಿ ಇಲ್ಲ” ಎಂದನು ಅಂಬಿಗ. ಇಂಥದನ್ನು ಕಂಡು ಎರಡು ವರ್ಷಗಳಾಗಿದ್ದುವಂತೆ.

ಈಗ ಹೇಳಬೇಕಾದುದನ್ನು ಹೇಳುತ್ತೇನೆ. ಮಿತ್ರರು ಕ್ಯಾಮೆರಾ ತೆಗೆದರು. ನಾನು ಮೊಣಕಾಲೂರಿ ಮೀನನ್ನು ನೀರಿನಿಂದ ಎತ್ತಿ ತೋಳಿನ ಮೇಲೆ ಹಿಡಿದೆನು. ಮೊದಲನೆಯ ಪಟದಲ್ಲಿ ನನ್ನ ಕಣ್ಣು ಮುಚ್ಚಿತ್ತು. ಎರಡನೆಯದರಲ್ಲಿ ಬಿಸಿಲು ಹಿಂದಿನಿಂದ ಬಿದ್ದಿತ್ತು. ಅಂಬಿಗನು, “ಸಾಕು ಬುದ್ಧಿ, ನೀರ್ಗೆ ಬುಡಿ” ಎಂದನು. ನಾನು, “ಇನ್ನೊಂದು, ಒಂದೇ ಒಂದು” ಎಂದೆನು. ಹೇಳಿದವರು ಮಿತ್ರರಲ್ಲ, ನಾನು. ಮನೆಯವಳಿಗೂ ಮೊಮ್ಮಗನಿಗೂ ತೋರಿಸಬೇಕೆಂಬ ಆಸೆ. ಮೂರನೆಯದಕ್ಕಾಗಿ ಜಾಗ ಬದಲಾಯಿಸಿದೆವು. ಅದು ಚೆನ್ನಾಗಿ ಬಂದಿತು.

ಅಂಬಿಗನು ಮೀನನ್ನು ನನ್ನ ಕೈಯಿಂದ ತೆಗೆದುಕೊಂಡು ಸೊಂಟದುದ್ದ ನೀರಿನಲ್ಲಿ ನಿಂತು, ಅದರ ಮುಖವನ್ನು ಹರಿವಿಗೆ ಎದುರಾಗಿ ಹಿಡಿದನು. ಕಿವಿರಿನೊಳಗೆ ನೀರು ಆಡಬೇಕು. ಎಷ್ಟು ಹೊತ್ತು ಹಾಗೆ ನಿಂತಿದ್ದನೋ. ಮಿತ್ರರು ಎರಡು ಸಲ ಗಡಿಯಾರ ನೋಡಿದರು. ಕೊನೆಗೆ ಬಾಲ ಒಂದು ಸಲ ಆಡಿತು, ಮತ್ತೊಂದು ಸಲ ಆಡಿತು, ಮೀನು ಕಪ್ಪುನೀರಿನೊಳಗೆ ಜಾರಿಹೋಯಿತು. ನಾವಿಬ್ಬರೂ ಚಪ್ಪಾಳೆ ತಟ್ಟಿದೆವು. ಅಂಬಿಗನು ನೀರನ್ನೇ ನೋಡುತ್ತಿದ್ದನು.

ಪಟಕ್ಕೆ ಚಾಮರಾಜನಗರದಲ್ಲಿ ಚೌಕಟ್ಟು ಹಾಕಿಸಿ ನಡುಮನೆಯಲ್ಲಿ ತಂದೆಯವರ ಭಾವಚಿತ್ರದ ಪಕ್ಕದಲ್ಲಿ ತೂಗುಹಾಕಿದೆನು. ಬಂದವರೆಲ್ಲರಿಗೂ ಕಥೆ ಹೇಳಿದೆನು. ಕಥೆಯ ಸೊಗಸೆಲ್ಲ ಅದರ ಕೊನೆಯಲ್ಲಿಯೇ ಇದ್ದಿತು: “ಹಿಡಿದೆ, ಬಿಟ್ಟೆ.” ಮೊಮ್ಮಗನು ಶಾಲೆಯಲ್ಲಿ ‘ನನ್ನ ತಾತ’ ಎಂಬ ಪ್ರಬಂಧ ಬರೆದು, ಅದರಲ್ಲಿ ನನ್ನನ್ನು ಜೀವದಯೆಗೆ ಉದಾಹರಣೆಯಾಗಿ ಕೊಟ್ಟನು. ನಾನು ಅದನ್ನು ಮೂರು ಸಲ ಓದಿದೆನು.

ಆ ಏರ್ಪಾಡು ೨೦೧೨ರ ಸುಮಾರಿಗೆ ನಿಂತುಹೋಯಿತು. ಆ ಕಾಡು ೧೯೮೭ರಿಂದ ಕಾವೇರಿ ವನ್ಯಜೀವಿಧಾಮ; ೧೯೭೨ರ ವನ್ಯಜೀವಿ ಸಂರಕ್ಷಣೆಯ ಕಾನೂನಿನ ಪ್ರಕಾರ ಅಲ್ಲಿ ಪ್ರಾಣಿಯನ್ನು ಹಿಡಿಯುವುದೂ ಬೇಟೆಯೇ. ಕಾನೂನಿನ ಮಾತನ್ನು ನಾನು ಅಲ್ಲಗಳೆಯಲಾರೆನು. ಆಟಕ್ಕಾಗಿ ಒಂದು ಜೀವದ ತುಟಿಗೆ ಕಬ್ಬಿಣ ಚುಚ್ಚಿ, ಆಮೇಲೆ ದಯೆ ತೋರಿಸುವುದೆಂದರೆ ಏನೆಂದು ಕೇಳಿದರೆ ಉತ್ತರ ಹೇಳುವುದು ಕಷ್ಟ. ಆದರೆ ಇನ್ನೊಂದು ಸಂಗತಿಯೂ ಉಂಟು. ಆ ಹಿಣಿಲಿನ ಮೀನು ನಶಿಸುತ್ತಿದೆಯೆಂದು ವಿದ್ವಾಂಸರಿಗೆ ಗೊತ್ತಾದುದು, ೧೯೯೮ರಿಂದ ೨೦೧೨ರವರೆಗೆ ಅಲ್ಲಿ ಗಾಳ ಹಾಕಿದವರು ದಿನದಿನವೂ ಬರೆದಿಟ್ಟ ಲೆಕ್ಕದ ಪುಸ್ತಕಗಳಿಂದ! ಅದೇ ಲೆಕ್ಕದಲ್ಲಿ, ಹೊರಗಿನಿಂದ ತಂದು ಮರಿ ಬಿಟ್ಟ ನೀಲಿ ರೆಕ್ಕೆಯ ಇನ್ನೊಂದು ಮಹಶೀರ್ ಜಾತಿಯು ವರ್ಷವರ್ಷಕ್ಕೂ ಏರುತ್ತ, ಇದು ಇಳಿಯುತ್ತ ಬಂದುದು ಕಾಣುತ್ತದೆ. ಇದಕ್ಕೆ ಸರಿಯಾದ ಶಾಸ್ತ್ರೀಯ ನಾಮವು ಗೊತ್ತಾದುದೇ ೨೦೧೮ರಲ್ಲಿ; ಅದೇ ವರ್ಷ ಇದನ್ನು ಅಳಿವಿನ ಅಂಚಿನಲ್ಲಿರುವ ಪ್ರಾಣಿಗಳ ಪಟ್ಟಿಗೆ ಸೇರಿಸಿದರು. ಕಾವೇರಿಯನ್ನೂ ಅದರ ಉಪನದಿಗಳನ್ನೂ ಬಿಟ್ಟರೆ ಲೋಕದಲ್ಲಿ ಮತ್ತೆಲ್ಲಿಯೂ ಇದು ಇಲ್ಲ.

೨೦೧೪ರಲ್ಲಿ ಒಂದು ದಿನ ಅಂಬಿಗನು ನಮ್ಮ ಮನೆಗೆ ಬಂದನು. ಹಿಮವದ್ಗೋಪಾಲಸ್ವಾಮಿಯ ಬೆಟ್ಟಕ್ಕೆ ಹರಕೆ ತೀರಿಸಲು ಬಂದಿದ್ದವನು, ಊರಿನಲ್ಲಿ ವಿಚಾರಿಸಿಕೊಂಡು ಹುಡುಕಿ ಬಂದಿದ್ದನು. ಕೆಲಸ ಹೋದ ಮೇಲೆ ಕಲ್ಲುಕ್ವಾರಿಯಲ್ಲಿ ಕೂಲಿ. ಈಗ ಮಗನ ಮನೆಯಲ್ಲಿ. ರಾತ್ರಿ ಮಡುವಿನ ಕಡೆಯಿಂದ ಮತ್ತೆ ತೋಟೆಯ ಸದ್ದು ಕೇಳಿಸುತ್ತದೆಂದನು. “ನಾವಿದ್ದಾಗ ಹೆದ್ರೋರು. ಈಗ ಹೊಳೇಲಿ ಯಾರವ್ರೆ?” ಹೆಂಡತಿಯು ಎಲೆ ಹಾಕಿ ಬಡಿಸಿದಳು. ಅಂದು ಮುದ್ದೆಯೇ ಮಾಡಿದ್ದಳು. ಅವನು ಅದನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಾಗ ನನಗೆ ನಗು ಬಂದಿತು.

ಊಟವಾದ ಮೇಲೆ ಮೊಮ್ಮಗನು ಅವನನ್ನು ಕೈಹಿಡಿದು ಪಟದ ಮುಂದೆ ನಿಲ್ಲಿಸಿ, “ಇದು ಈಗ ಎಷ್ಟು ದೊಡ್ಡದಾಗಿರುತ್ತೆ ಅಜ್ಜ?” ಎಂದು ಕೇಳಿದನು. ಅಂಬಿಗನು ಬಹಳ ಹೊತ್ತು ನೋಡಿದನು. “ದೊಡ್ದಾಗದೆ ಕನಪ್ಪ” ಎಂದನು. ಬಸ್ಸಿಗೆ ಬಿಡಲು ನಾನು ಜೊತೆಯಲ್ಲಿ ಹೋದೆನು. ರಸ್ತೆಯಲ್ಲಿ ಅವನೇ ನಿಂತು ಹೇಳಿದನು:

“ಮೇಷ್ಟ್ರೇ, ಆ ಮೀನು ಉಳೀನಿಲ್ಲ. ಮಾರ್ನೆ ದಿಸ ಹೊತ್ತಾರೆ ಕೆಳಗ್ಲ ಮಡೀಲಿ ತೇಲಿತ್ತು. ನೀವಿನ್ನೂ ಮಲ್ಗಿದ್ರಿ.”

ನನಗೆ ಸ್ವಲ್ಪ ಹೊತ್ತು ಮಾತು ಹೊರಡಲಿಲ್ಲ. “ಆಗಲೇ ಏಕಯ್ಯಾ ಹೇಳಲಿಲ್ಲ?” ಎಂದೆನು.

“ಹೇಳಿದ್ರೆ ನಿಮ್ಗೆ ಬ್ಯಾಸ್ರ. ಬ್ಯಾಸ್ರಾದೋರು ಮತ್ತೆ ಬರಾಕಿಲ್ಲ. ನಮ್ದು ಹೊಟ್ಟೆಪಾಡು.” ಬೇಸಿಗೆಯ ನೀರು ಬೆಚ್ಚಗಿರುತ್ತದೆ, ಅದರಲ್ಲಿ ಉಸಿರು ಕಡಮೆ, ಬಳಲಿದ ಮೀನನ್ನು ಹೊರಗೆ ಎತ್ತಿ ಹಿಡಿದರೆ ಕೆಲವು ಈಜಿ ಹೋದರೂ ಆಮೇಲೆ ಸಾಯುತ್ತವೆಂದು ವಿವರಿಸಿದನು. ಯಾರನ್ನೂ ದೂರುವ ದನಿಯಲ್ಲ. ಮಳೆಯ ವಿಷಯ ಹೇಳುವಂತೆ ಹೇಳಿದನು.

“ಏನು ಮಾಡಿದೆ ಅದನ್ನು?”

“ಮಳ್ಳಲ್ಲಿ ಊತ್ಬುಟ್ಟೆ. ತಿನ್ನಕ್ಕೆ ಮನ್ಸು ಬರ್ನಿಲ್ಲ.”

ಬಸ್ಸು ಬಂದಿತು. ಅವನು ಹತ್ತಿ, ಕಿಟಕಿಯಿಂದ ಕೈಮುಗಿದನು.

ನನ್ನ ತಂದೆಯವರು ಹಿಡಿದ ಮೀನನ್ನು ನಾವು ಹಸಿದು ತಿಂದೆವು. ನಾನು ಹಿಡಿದುದನ್ನು ಯಾರೂ ತಿನ್ನಲಿಲ್ಲ. ಇವೆರಡನ್ನೂ ಪಕ್ಕಪಕ್ಕದಲ್ಲಿಟ್ಟು ಎಷ್ಟೋ ರಾತ್ರಿ ಯೋಚಿಸಿದ್ದೇನೆ. ಐದು ವರ್ಷ ನಾನು ಹೇಳಿದ ಕಥೆ ಸುಳ್ಳೆನ್ನುವಂತಿಲ್ಲ, ಏಕೆಂದರೆ ನನಗೆ ತಿಳಿದಿರಲಿಲ್ಲ. ಆದರೆ “ಸಾಕು ಬುದ್ಧಿ” ಎಂದು ಅವನು ಹೇಳಿದುದು ನನಗೆ ಕೇಳಿಸಿತ್ತು. ಆ ಮಾತನ್ನು ಮಾತ್ರ ನಾನು ಯಾರಿಗೂ ಹೇಳಿರಲಿಲ್ಲ.

ಅಂದು ಸಂಜೆ ಮೊಮ್ಮಗನನ್ನು ಕರೆದು ಎಲ್ಲವನ್ನೂ ಹೇಳಿದೆನು. ಅವನು ಅಳಲಿಲ್ಲ. “ಹಾಗಾದರೆ ಪ್ರಬಂಧ ತಪ್ಪಾಯಿತಲ್ಲ ತಾತ” ಎಂದು ಮಾತ್ರ ಅಂದನು. ಪಟವನ್ನು ತೆಗೆದುಬಿಡೋಣವೆಂದು ಹೆಂಡತಿಯು ಹೇಳಿದಳು. ಬೇಡವೆಂದೆನು. ಅದು ಇನ್ನೂ ಅಲ್ಲಿಯೇ ಇದೆ. ಅದರ ಒಂದು ಮೂಲೆಯಲ್ಲಿ ಹರಿಗೋಲಿನ ಅಂಚು, ಮೀನಿನ ಕಡೆಗೆ ಚಾಚಿದ ಎರಡು ಬೆರಳಿನ ಒಂದು ಕೈ ಕಾಣುತ್ತವೆ. ಮೊದಲು ನಾನು ಅದನ್ನು ಗಮನಿಸಿರಲಿಲ್ಲ. ಬಂದವರು ಕೇಳಿದರೆ ಈಗ ಆ ಕೈಯಿಂದಲೇ ಕಥೆಯನ್ನು ಮೊದಲುಮಾಡುತ್ತೇನೆ.