ಕೆಂಪು ಗಾಲೀಚೆಯ ಕೆಳಗೆ

ನಮ್ಮ ಶಾಲೆಗೂ ನಮ್ಮ ಮನೆಯ ಅಂಬಾಸಿಡರ್ ಕಾರಿಗೂ ಹೆಚ್ಚು ಕಡಿಮೆ ಒಂದೇ ವಯಸ್ಸು. ಸುವರ್ಣ ಮಹೋತ್ಸವದ ಈ ಸಂದರ್ಭದಲ್ಲಿ ಗುರುವರ್ಯರ ಸ್ಮರಣೆ ಮಾಡಲು, ಶಾಲೆ ಬೆಳೆದು ಬಂದ ದಾರಿಯನ್ನು ವಿವರಿಸಲು ನನಗಿಂತ ಅರ್ಹರಾದವರು ಈ ಸಂಚಿಕೆಯಲ್ಲಿ ಬರೆದಿರುತ್ತಾರೆ. ನಾನು ಕಾರಿನ ವಿಷಯವನ್ನೇ ಬರೆಯುತ್ತೇನೆ. ಅದರಲ್ಲೂ ಎಂಜಿನ್ನಿನ ವಿಷಯವಲ್ಲ. ಒಳಗಡೆ ನೆಲಕ್ಕೆ ಹಾಸುವ ಗಾಲೀಚೆ ಮತ್ತು ಬಾಗಿಲುಗಳ ಸುತ್ತ ಕೂಡಿಸುವ ರಬ್ಬರು ಪಟ್ಟಿಯ ವಿಷಯ. ಸ್ಮರಣ ಸಂಚಿಕೆಯಲ್ಲಿ ಇದೆಂಥ ಲೇಖನವೆಂದು ಹುಬ್ಬೇರಿಸುವವರು ಸ್ವಲ್ಪ ತಾಳ್ಮೆಯಿಂದ ಓದಬೇಕಾಗಿ ವಿನಂತಿ.

ನಮ್ಮ ತಂದೆಯವರಿಗೆ ಸಾಂಗಲಿಯ ಪೇಟೆಯಲ್ಲಿ ಅರಿಶಿನದ ಅಡತಿ ವ್ಯಾಪಾರವಿತ್ತು. 1974ರಲ್ಲಿ ಅವರು ಈ ಮಾರ್ಕ್-2 ಅಂಬಾಸಿಡರನ್ನು ಕೊಂಡುಕೊಂಡರು. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನ ಮೇಲೆ ಕಲ್ಕತ್ತೆಯ ಸಮೀಪದ ಉತ್ತರಪಾಡಾದಲ್ಲಿ ತಯಾರಾಗುತ್ತಿದ್ದ ಈ ಗಾಡಿಯ ಉತ್ಪಾದನೆ 2014ರಲ್ಲಿ ನಿಂತುಹೋಯಿತು. ನಮ್ಮ ಬಾಲ್ಯದಲ್ಲಿ ಮಾತ್ರ ಕಾರು ಎಂದರೆ ಅಂಬಾಸಿಡರ್, ಇಲ್ಲವೆ ಫಿಯಾಟ್. ತಂದೆಯವರು ಅದರಲ್ಲಿ ಅರಿಶಿನದ ಮಾದರಿ ಚೀಲಗಳನ್ನು ಒಯ್ಯುತ್ತಿದ್ದರು. ಊರಲ್ಲಿ ಯಾರಿಗಾದರೂ ಅವಸರವೆಂದರೆ ಮಿರಜಿನ ಆಸ್ಪತ್ರೆಗೂ ಅದೇ ಹೋಗುತ್ತಿತ್ತು. ವರ್ಷಕ್ಕೊಮ್ಮೆ ಇನ್ನೊಂದು ಕೆಲಸವಿತ್ತು. ಆಗ ನಾಲ್ಕನೆಯ ಮತ್ತು ಏಳನೆಯ ಇಯತ್ತೆಯವರಿಗೆ ಶಿಷ್ಯವೃತ್ತಿ ಪರೀಕ್ಷೆ ಇರುತ್ತಿತ್ತು. ಅದಕ್ಕೆ ನಮ್ಮ ಶಾಲೆಯ ಮಕ್ಕಳು ಮಿರಜಿಗೆ ಹೋಗಬೇಕು. ಆ ದಿನ ತಂದೆಯವರು ಅಂಗಡಿಗೆ ಬೀಗ ಹಾಕಿ ಮಕ್ಕಳನ್ನು ತಾವೇ ಕರೆದೊಯ್ಯುತ್ತಿದ್ದರು. ಮುಂದೆ ಮಾಸ್ತರರು ಮತ್ತು ಇಬ್ಬರು ಹುಡುಗರು, ಹಿಂದಿನ ಸೀಟಿನಲ್ಲಿ ಐವರು, ಸೀಟು ಸಾಲದ ಮೂವರು ಕಾಲಿಡುವ ಜಾಗದಲ್ಲಿ, ಕೆಂಪು ಗಾಲೀಚೆಯ ಮೇಲೆ. ಈ ಮೂವರಲ್ಲಿ ಒಬ್ಬನ ಮಾತು ಮುಂದೆ ಬರುತ್ತದೆ.

2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ಬಂದದ್ದನ್ನು ಈ ಭಾಗದ ಓದುಗರಿಗೆ ವಿವರಿಸಿ ಹೇಳಬೇಕಾಗಿಲ್ಲ. ಸಾಂಗಲಿಯ ಆಯರ್ವಿನ್ ಸೇತುವೆಯ ಬಳಿ ಅಪಾಯದ ಮಟ್ಟ 45 ಅಡಿ. ಆ ಸಲ ನೀರು 57 ಅಡಿಯನ್ನೂ ದಾಟಿತು. ನಮ್ಮ ಶೆಡ್ಡಿಗೆ ಬಂದ ನೀರು ಗಾಡಿಯ ಬಾಗಿಲಿನ ಹೊಸ್ತಿಲಿಗೆ ತಾಗಿ ಮರುದಿನವೇ ಇಳಿಯಿತು. ಎಂಜಿನ್ನಿಗೆ ನೀರು ಮುಟ್ಟಲಿಲ್ಲ, ಸೀಟು ತೋಯಲಿಲ್ಲ. ಕಾರು ಉಳಿಯಿತೆಂದು ನೋಡಿದವರೆಲ್ಲ ಹೇಳಿದರು. ಆದರೆ ಬಾಗಿಲಿನ ರಬ್ಬರು ಬಿಸಿಲಿಗೆ ಒಣಗಿ ಕಟ್ಟಿಗೆಯಂತಾಗಿತ್ತು. ಅದರ ಸಂದಿಯಿಂದ ಒಳಗೆ ಹೋದ ನೀರು ಗಾಲೀಚೆಯ ಕೆಳಗಿನ ಸೆಣಬಿನ ಹಾಸಿನಲ್ಲಿ ಕುಳಿತುಬಿಟ್ಟಿತು. ಗಾಲೀಚೆ ಮೇಲಿನಿಂದ ಒಣಗಿದಂತೆ ಕಾಣುತ್ತದೆ, ಕೈಗೂ ಒಣಗಿದಂತೆಯೇ ಹತ್ತುತ್ತದೆ. ಕೆಳಗಿನ ಸೆಣಬು ಮಾತ್ರ ತಿಂಗಳುಗಟ್ಟಲೆ ತೇವವನ್ನು ಹಿಡಿದಿರುತ್ತದೆ. ಬರಿಯ ತಗಡಾಗಿದ್ದರೆ ಎರಡು ಬಿಸಿಲಿಗೆ ಆರಿ ಹೋಗುತ್ತಿತ್ತು. ಮುಂದಿನ ಮಳೆಗಾಲಗಳು ಅದಕ್ಕೆ ಮತ್ತಷ್ಟು ನೀರು ಕೂಡಿಸಿದವು. ಕೊನೆಗೆ ಬಾಗಿಲು ತೆರೆದರೆ ಹಳೆಯ ಹಗೇವಿನ ವಾಸನೆ ಬರತೊಡಗಿತು.

ಇಲ್ಲಿ ಒಂದು ತಾಂತ್ರಿಕ ಸಂಗತಿಯನ್ನು ಹೇಳಲೇಬೇಕು. ಲಾರಿಗೆ ಇರುವಂತೆ ಅಂಬಾಸಿಡರಿಗೆ ಪ್ರತ್ಯೇಕವಾದ ಚಾಸಿ ಇಲ್ಲ. ನೆಲ, ಬಾಗಿಲ ಕೆಳಗಿನ ಹೊಸ್ತಿಲು, ಕಂಬಗಳು, ಮಾಡು ಇವೆಲ್ಲ ಬೆಸೆದು ಒಂದೇ ಗೂಡು. ಆದುದರಿಂದ ನೆಲದ ತಗಡು ತುಕ್ಕಿಗೆ ಹೋಯಿತೆಂದರೆ ಹಾಸುಗಲ್ಲೊಂದು ಹೋದಂತಲ್ಲ, ಮನೆಯ ಅಡಿಪಾಯವೇ ಹೋದಂತೆ. ಪುಣೆಯಲ್ಲಿರುವ ನನ್ನ ಮಗ ಗುಜರಿಯವರನ್ನು ಕರೆಸಿ ತೂಕದ ಮೇಲೆ ಬೆಲೆ ಕಟ್ಟಿಸಿದ. ಅವನದು ತಪ್ಪೆಂದು ನಾನು ಹೇಳುವುದಿಲ್ಲ. ಲೆಕ್ಕದ ದೃಷ್ಟಿಯಿಂದ ಅವನದೇ ಸರಿ. ನೆಲದಲ್ಲಿ ಗಟ್ಟಿ ತಗಡು ಉಳಿದಿದ್ದರೆ ದುರಸ್ತಿ, ಇಲ್ಲದಿದ್ದರೆ ಗುಜರಿ ಎಂದು ನಾವಿಬ್ಬರೂ ಒಪ್ಪಿಕೊಂಡೆವು. ಅದನ್ನು ತಿಳಿಯಬೇಕಾದರೆ ಗಾಲೀಚೆಯನ್ನು ಕೀಳಬೇಕು.

ಮುಂದಿನ ಸೀಟಿನ ಬೋಲ್ಟುಗಳು ಡೀಸೆಲ್ಲಿನಲ್ಲಿ ಎರಡು ದಿನ ನೆನೆದ ಮೇಲೆ ಸಡಿಲಾದವು. ಹೊಸ್ತಿಲಿನ ಅಲ್ಯೂಮಿನಿಯಂ ಪಟ್ಟಿಗಳನ್ನು ಬಿಚ್ಚಿ, ಗಾಲೀಚೆಯ ಅಂಚನ್ನು ಹಿಡಿದೆತ್ತಿದರೆ ಅದು ಹರಿದು ತುಂಡುತುಂಡಾಗಿ ಕೈಗೆ ಬಂತು. ಕೆಳಗೆ ಸೆಣಬು ಕಪ್ಪಾಗಿ ಗೊಬ್ಬರದಂತಾಗಿತ್ತು. ಸೀಟಿನ ಕೆಳಗಿನ ಒಣ ಮೂಲೆಯಲ್ಲಿ ಅರಿಶಿನದ ಪುಡಿ ಒಂದು ಬೆರಳಿನಷ್ಟು ದಪ್ಪವಾಗಿ ಕೂತಿತ್ತು, ಬಣ್ಣ ಇನ್ನೂ ಹೋಗಿರಲಿಲ್ಲ. ಅದರಲ್ಲಿ ಅಲೆಯಂಚಿನ ಅಲ್ಯೂಮಿನಿಯಂ ಹತ್ತು ಪೈಸೆಯ ಎರಡು ನಾಣ್ಯ, ಒಂದು ಪೆನ್ನಿನ ನಿಬ್ಬು, ಬೆರಳುದ್ದದ ಒಂದು ಬಳಪ ಸಿಕ್ಕವು. ಚಾಲಕನ ಕಾಲ ಕೆಳಗೆ ಎರಡು ಅಂಗೈ ಅಗಲದ ತೂತು. ಅದರೊಳಗಿನಿಂದ ಶೆಡ್ಡಿನ ನೆಲ ಕಾಣುತ್ತಿತ್ತು. ಎಡಗಡೆ ಹಿಂದೆ ಇನ್ನೊಂದು. ಉಳಿದ ಕಡೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಹೋದೆ. ಸತ್ತ ತಗಡು ಮಂದವಾಗಿ ಸದ್ದು ಮಾಡುತ್ತದೆ, ಜೀವವಿದ್ದದ್ದು ಕಂಚಿನಂತೆ ನುಡಿಯುತ್ತದೆ. ಮುಕ್ಕಾಲು ಪಾಲು ನುಡಿಯಿತು. ಹೊಸ್ತಿಲುಗಳೂ ನುಡಿದವು.

ತಗಡಿನ ಕೆಲಸ ಮಾಡಿದವರು ಮಿರಜಿನ ಒಬ್ಬ ವೃದ್ಧ ಚಾಚಾ. ಅವರ ಮಾತು ದಖನಿ ಉರ್ದು, ಅವರ ಕೈಕೆಳಗಿನ ಹುಡುಗನದು ಮರಾಠಿ, ನನ್ನದು ಕನ್ನಡ. ಮೂವರಿಗೂ ಮೂರೂ ತಿಳಿಯುತ್ತದೆ. ತುಕ್ಕಿಗೆ ಅವರು ‘ಜಂಗ್’ ಎನ್ನುತ್ತಾರೆ, ಹುಡುಗ ‘ಗಂಜ’ ಎನ್ನುತ್ತಾನೆ. ಅಕ್ಷರ ಅದಲುಬದಲಾದರೂ ಹೋಗುವ ತಗಡು ಒಂದೇ. (ಮಿರಜಿನ ಸಿತಾರ ಮಾಡುವ ಮನೆತನದವರ ಹಿರಿಯರು ಹಿಂದೆ ಆಯುಧಗಳಿಗೆ ಸಾಣೆ ಹಿಡಿಯುವವರಾಗಿದ್ದರಂತೆ. ಈ ಚಾಚಾ ತಗಡನ್ನು ತಟ್ಟಿ ಕಿವಿಗೊಡುವುದನ್ನು ನೋಡಿದಾಗ ಆ ಊರಿನ ಗಾಳಿಯಲ್ಲೇ ಅದು ಇದೆಯೆಂದು ನನಗೆ ಅನಿಸಿತು.) ಅವರು ಒಂದೇ ಸಲಕ್ಕೆ ಎರಡೂ ಬದಿ ಕತ್ತರಿಸಲು ಒಪ್ಪಲಿಲ್ಲ. ಗೂಡು ಜಗ್ಗಿದರೆ ಬಾಗಿಲುಗಳು ಮತ್ತೆ ಕೂಡುವುದಿಲ್ಲವೆಂದು, ಬಾಗಿಲು ಮುಚ್ಚಿಯೇ ಒಂದು ಬದಿ ಬೆಸೆದು, ತೆರೆದು ಮುಚ್ಚಿ ನೋಡಿ, ಆಮೇಲೆ ಇನ್ನೊಂದು ಬದಿಗೆ ಕೈಹಚ್ಚಿದರು. ಬೆಸುಗೆಯ ಮೇಲೆ ರೆಡ್ ಆಕ್ಸೈಡ್, ಅದರ ಮೇಲೆ ಡಾಂಬರಿನ ಲೇಪ. ಅಷ್ಟಕ್ಕೆ ಅವರ ಕೆಲಸ ಮುಗಿಯಿತು.

ಇನ್ನು ಗಾಲೀಚೆ. ಕುಶನ್ ಕೆಲಸ ಮಾಡುವ ನನ್ನ ಶಾಲೆಯ ಗೆಳೆಯನೊಬ್ಬ ಮಿರಜಿನಲ್ಲಿ ಅಂಗಡಿ ಇಟ್ಟಿದ್ದಾನೆ. ನನಗಿಂತ ಒಂದು ಇಯತ್ತೆ ಕೆಳಗಿದ್ದವನು. ಏಳನೆಯ ಇಯತ್ತೆ ಮುಗಿದೊಡನೆ ಸೋದರಮಾವನ ಹೊಲಿಗೆ ಯಂತ್ರದ ಮುಂದೆ ಕುಳಿತವನು ಇಂದಿಗೂ ಅಲ್ಲಿಯೇ ಇದ್ದಾನೆ. ಅವನು ಬಂದು ನೋಡಿದವನೇ ಅಳತೆಯ ಟೇಪನ್ನು ಕಿಸೆಗೆ ಹಾಕಿಕೊಂಡ.

“ಅಣ್ಣಾರ, ಮೊದಲ ಬಾಗಲಾ ನೋಡ್ರಿ. ಸೋರೂ ಮನ್ಯಾಗ ಹಾಸಿಗಿ ಹಾಸೂದು ಬ್ಯಾಡ. ರಬ್ಬರ ಕೂಡಿಸಿ, ನೀರ ಹೊಡದ ನೋಡಿ, ಆಮ್ಯಾಲ ನನ್ನ ಕರೀರಿ.”

ಬಾಗಿಲಿನ ರಬ್ಬರು ಸುಲಭದ ಕೆಲಸವೆಂದು ನೋಡುವವರಿಗೆ ಅನಿಸುತ್ತದೆ. ಮೊದಲು ತಂದ ಪಟ್ಟಿ ತೀರ ಗಟ್ಟಿಯಾಗಿದ್ದು ಬಾಗಿಲೇ ಮುಚ್ಚಲಿಲ್ಲ, ಅದನ್ನು ಬಿಟ್ಟುಬಿಟ್ಟೆವು. ಆಮೇಲೆ ಕೊಲ್ಲಾಪುರದ ಶಿವಾಜಿ ಉದ್ಯಮನಗರದಲ್ಲಿ ತಿರುಗಾಡಿ, ಹಳೆಯ ಪಟ್ಟಿಯ ತುಂಡನ್ನು ಜೊತೆಗಿಟ್ಟುಕೊಂಡು ಅಡ್ಡ ಕೊಯ್ದ ಆಕಾರವನ್ನು ಹೋಲಿಸಿ, ಬೆರಳಿನಿಂದ ಒತ್ತಿದರೆ ಹಿಂದಕ್ಕೆ ಪುಟಿಯುವ ಪಟ್ಟಿಯನ್ನು ತಂದೆವು. ಹಳೆಯ ಅಂಟನ್ನು ಕೆರೆದು, ಲೋಹ ಒಣಗಿದ ಮೇಲೆ ಎರಡೂ ಕಡೆಗೆ ಅಂಟು ಸವರಿ, ಅದು ಬೆರಳಿಗೆ ಹತ್ತದಷ್ಟು ಆರುವವರೆಗೆ ಕಾದು ಕೂಡಿಸಬೇಕು. ಎರಡು ತುದಿಗಳು ಸೇರುವ ಜಾಗ ಹೊಸ್ತಿಲಿನ ನಡುವೆ ಬರಬೇಕು, ಮೇಲೆ ಬರಬಾರದು; ಮಳೆ ಬೀಳುವುದು ಮೇಲಿನಿಂದಲ್ಲವೆ? ಎಲ್ಲಕ್ಕಿಂತ ಮುಖ್ಯವಾದದ್ದು, ಮೂಲೆಗಳಲ್ಲಿ ರಬ್ಬರನ್ನು ಎಳೆಯಬಾರದು. ಎಳೆದರೆ ಅದು ತೆಳ್ಳಗಾಗುತ್ತದೆ. ಕೆಲವು ತಿಂಗಳಲ್ಲಿ ಮೊದಲಿನ ಉದ್ದಕ್ಕೆ ಕುಗ್ಗಿ, ತುದಿಗಳ ನಡುವೆ ಸಂದಿ ಬಿಡುತ್ತದೆ. ಮೂಲೆಯಲ್ಲಿ ತುಸು ಹೆಚ್ಚಾಗಿಯೇ ದೂಡಿ ಕೂಡಿಸಬೇಕು, ಕೊನೆಯಲ್ಲಿಯೂ ಒಂದು ನೂಲು ಉದ್ದವಾಗಿಯೇ ಕತ್ತರಿಸಬೇಕು.

ಇಷ್ಟು ಮಾಡಿದರೂ ನೀರು ಬರುತ್ತದೆ, ಬಾಗಿಲಿನ ಹೊಟ್ಟೆಯನ್ನು ನೋಡದಿದ್ದರೆ. ಗಾಜಿನ ಮೇಲೆ ಇಳಿದ ಮಳೆನೀರಿನಲ್ಲಿ ಒಂದಿಷ್ಟು ಬಾಗಿಲಿನ ಒಳಗೇ ಹೋಗುತ್ತದೆ. ಅದು ಹೊರಗೆ ಹೋಗಲೆಂದು ಕೆಳಗಿನ ಅಂಚಿನಲ್ಲಿ ಸಣ್ಣ ಕಿಂಡಿಗಳಿರುತ್ತವೆ. ನಮ್ಮ ಕಾರಿನ ನಾಲ್ಕೂ ಬಾಗಿಲುಗಳ ಕಿಂಡಿಗಳಲ್ಲಿ ಮಹಾಪೂರದ ಕೆಸರು ಗಟ್ಟಿಯಾಗಿ ಕೂತಿತ್ತು. ತಂತಿ ಹಾಕಿ ತಿವಿದರೆ ಸಣ್ಣ ಸಣ್ಣ ಹೆಂಟೆಗಳಾಗಿ ಬಿತ್ತು. ಅದು ಹೊಳೆಯ ಕರಿಮಣ್ಣು. ಅವ್ವ ನೋಡಿ, ತುಳಸಿಕಟ್ಟೆಗೆ ಹಾಕೆಂದಳು.

ಪರೀಕ್ಷೆಗೆ ಮೂರು ಉಪಾಯಗಳಿವೆ. ಕಾಗದದ ಚೀಟಿಯನ್ನು ಬಾಗಿಲಲ್ಲಿ ಸಿಕ್ಕಿಸಿ ಎಳೆದರೆ ಬಿಗಿಯಾಗಿ ಬರಬೇಕು. ರಬ್ಬರಿಗೆ ಸೀಮೆಸುಣ್ಣ ಸವರಿ ಬಾಗಿಲು ಮುಚ್ಚಿ ತೆರೆದರೆ, ಎದುರಿನ ತಗಡಿನ ಮೇಲೆ ಬಿಳಿಯ ಗೆರೆ ಎಲ್ಲಿಯೂ ತುಂಡಾಗದೆ ಮೂಡಿರಬೇಕು. ಮೂರನೆಯದು, ಒಬ್ಬರು ಬ್ಯಾಟರಿ ಹಿಡಿದು ಒಳಗೆ ಕೂಡಬೇಕು, ಇನ್ನೊಬ್ಬರು ಹೊರಗಿನಿಂದ ಪೈಪಿನಿಂದ ನೀರು ಬಿಡಬೇಕು. ಒಳಗೆ ಕೂತವಳು ಐದನೆಯ ಇಯತ್ತೆಯ ನನ್ನ ಮೊಮ್ಮಗಳು. ಅವಳಿಗೆ ಇದಕ್ಕಿಂತ ಒಳ್ಳೆಯ ರಜೆ ಸಿಕ್ಕಿರಲಿಕ್ಕಿಲ್ಲ. ಮೊದಲ ದಿನ ಏಳು ಕಡೆ ಹನಿ ಕಂಡು ಬಂತು. ಕೀಲು ಮತ್ತು ಲಾಕಿನ ಎದುರಿನ ಪಟ್ಟಿಯನ್ನು ಕೂದಲೆಳೆಯಷ್ಟು ಸರಿಸುತ್ತ ನಾಲ್ಕು ದಿನದಲ್ಲಿ ಅದನ್ನು ಒಂದಕ್ಕೆ ಇಳಿಸಿದೆವು.

ಆಮೇಲೆ ಗೆಳೆಯ ಬಂದ. ಹಳೆಯ ಗಾಲೀಚೆ ಮಾದರಿಗೂ ಉಳಿದಿರಲಿಲ್ಲವಾದುದರಿಂದ ವರ್ತಮಾನಪತ್ರಿಕೆಗಳನ್ನು ನೆಲಕ್ಕೆ ಒತ್ತಿ, ಮಡಚಿ, ಕತ್ತರಿಸಿ ಅಚ್ಚು ತೆಗೆದ. ನಡುವಿನ ಉಬ್ಬಿನದು ಮೊದಲು, ಎರಡು ಬದಿಯವು ಆಮೇಲೆ. ಕಾಲಿನಿಂದ ಒತ್ತುವ ಲೈಟಿನ ಡಿಪ್ಪರ್ ಗುಂಡಿಗೆ ತೂತು, ಹಿಮ್ಮಡಿ ಊರುವ ಕಡೆ ರೆಕ್ಸಿನ್ನಿನ ತೇಪೆ. ಗಾಲೀಚೆಯ ಅಂಚು ಎಕ್ಸಿಲರೇಟರಿನ ಕೆಳಗೆ ಸಿಲುಕಬಾರದೆಂದು ಅಲ್ಲಿ ಮೂರು ಸಲ ಅಳೆದ. ಪ್ರತಿಯೊಂದು ಕಾಗದದ ಮೇಲೆ ನೀಲಿ ಪೆನ್ಸಿಲ್ಲಿನಿಂದ ಅಳತೆ ಬರೆಯುತ್ತಿದ್ದ. ಬಗ್ಗಿ ನೋಡಿದೆ: ೪೨, ೧೭, ೨೬. ಕನ್ನಡ ಅಂಕಿಗಳು! ನಾನು ಬ್ಯಾಂಕಿನಲ್ಲಿ ನೌಕರಿ ಮಾಡಿ ನಿವೃತ್ತನಾದವನು. ಆ ಅಂಕಿಗಳನ್ನು ಕೈಯಿಂದ ಬರೆದು ಎಷ್ಟು ವರ್ಷಗಳಾದವೋ ನೆನಪಿಲ್ಲ.

“ನಲವತ್ತು ವರ್ಷ ಹಿಂಗ ಬರದೀನ್ರಿ,” ಎಂದ. “ಮಾಸ್ತರ ಹೆಂಗ ಕಲಿಸ್ಯಾರ ಹಂಗ. ಬ್ಯಾರೆ ಅಂಕಿ ಬರದ್ರ ನನ್ನ ಕತ್ತರಿ ತಪ್ಪತೈತಿ. ಅಂಗಡ್ಯಾಗಿನ ಹುಡುಗೂರು ಮರಾಠಿಯವ್ರು, ಅವ್ರೂ ಕಲತಾರ.”

ಹಿಂದಿನ ಕಾಲಿಡುವ ಜಾಗಕ್ಕೆ ಬಂದಾಗ ಅವನು ಕೆಲಸ ನಿಲ್ಲಿಸಿ ಅಲ್ಲೇ ಕುಳಿತುಕೊಂಡ. “ನಾ ಕುಂತಿದ್ದು ಇಲ್ಲೇರಿ, ನಟ್ಟನಡುವ. ಈ ಉಬ್ಬ ಮಿರಜಿ ತನಕಾ ಒತ್ತತಿತ್ತು. ಕುಂತ ಕುಂತ ಈ ಕೆಂಪ ಗಾಲೀಚಾದ ಹೊಲಿಗಿ ನೋಡಕೋತ ಹೋಗಿದ್ದೆ.” ಪರೀಕ್ಷೆಯ ಪ್ರಶ್ನೆ ಒಂದೂ ಅವನಿಗೆ ನೆನಪಿಲ್ಲ. ಹೊಲಿಗೆ ಒಂಟಿಯಲ್ಲ, ಜೋಡಿಯಾಗಿತ್ತೆಂಬುದು ನೆನಪಿದೆ. ಹೊಸದಕ್ಕೂ ಅವನು ಜೋಡಿ ಹೊಲಿಗೆಯನ್ನೇ ಹಾಕಿದ. ಬಣ್ಣದ ಬಗ್ಗೆ ನನ್ನನ್ನು ಕೇಳಲೇ ಇಲ್ಲ.

ಒಂದು ವಿಷಯದಲ್ಲಿ ಮಾತ್ರ ನಾವು ಹಳೆಯದನ್ನು ಬಿಟ್ಟೆವು. ಉಬ್ಬಿನ ಮೇಲಿನ ತುಂಡನ್ನಷ್ಟೇ ಅಂಟಿಸಿ, ಉಳಿದವನ್ನು ಟಿಚ್ ಬಟನ್ನುಗಳಿಂದ ಕೂಡಿಸಿದೆವು. ಮಳೆಗಾಲದಲ್ಲಿ ವಾರಕ್ಕೊಮ್ಮೆ ಎತ್ತಿ ಬಿಸಿಲಿಗೆ ಹಾಕಬಹುದು, ತಗಡನ್ನೂ ಕಣ್ಣಾರೆ ನೋಡಬಹುದು. ಸೆಣಬಿನ ಹಾಸನ್ನು ಪೂರ್ತಿಯಾಗಿ ಕೈಬಿಟ್ಟೆವು. ಓಡುವಾಗ ಸದ್ದು ತುಸು ಹೆಚ್ಚು ಕೇಳುತ್ತದೆ, ಕೇಳಲಿ.

ಮಗ ಈಗ ಇನ್ನೊಂದು ಸಲಹೆ ತಂದಿದ್ದಾನೆ. 2021ರ ಕೇಂದ್ರ ನಿಯಮದಂತೆ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ್‍ಯಾಲಿ ಇಂಥವುಗಳಿಗಷ್ಟೇ ಹೊರಗೆ ತೆಗೆಯಬೇಕು. ಅವ್ವನನ್ನು ಕಾಗವಾಡದ ಬೀಗರ ಮನೆಗೆ ಕರೆದೊಯ್ಯಲಾಗದ ಆ ಗೌರವ ನನಗೆ ಬೇಕೆನಿಸಲಿಲ್ಲ. ಅರ್ಜಿಯ ಕಾಗದ ಅವನ ಹತ್ತಿರವೇ ಇದೆ.

ಗೆಳೆಯ ಮಜೂರಿಯಲ್ಲಿ ಒಂದು ರೂಪಾಯಿಯನ್ನೂ ಬಿಡಲಿಲ್ಲ. ಬಿಡಬಾರದು, ಅದು ಅವನ ಹೊಟ್ಟೆಪಾಡು. ಬಿಲ್ಲು ಕನ್ನಡದಲ್ಲಿಯೇ ಇತ್ತು, ಮೊತ್ತವೂ ಕನ್ನಡ ಅಂಕಿಯಲ್ಲಿ. ಮೊಮ್ಮಗಳು ಅದನ್ನು ಎರಡು ಸಲ ತಪ್ಪಾಗಿ ಓದಿ ಮೂರನೆಯ ಸಲ ಸರಿಯಾಗಿ ಓದಿದಳು. ಬಲಗಡೆಯ ಹಿಂದಿನ ಬಾಗಿಲಿನ ಕೆಳಮೂಲೆಯಲ್ಲಿ ಆ ಒಂದು ಹನಿ ಇನ್ನೂ ಇಳಿಯುತ್ತದೆ. ದೀಪಾವಳಿಯ ಗಿರಾಕಿಗಳು ಮುಗಿದ ಮೇಲೆ ಬಂದು ನೋಡುತ್ತೇನೆಂದು ಹೇಳಿ ಹೋಗಿದ್ದಾನೆ.