ಎರಡು ನಗರಗಳ ಒಂದೇ ಗಾಡಿ

ಟೋಕಿಯೋ ನಗರದ ನಡುಭಾಗವನ್ನು ಯಮನೋತೆ ಎಂಬ ರೈಲುಮಾರ್ಗವು ಬಳೆಯಂತೆ ಸುತ್ತುವರಿದಿದೆ. ಅದರ ಸುತ್ತಳತೆ 34.5 ಕಿ.ಮೀ.; ಒಂದು ಸುತ್ತಿಗೆ ಸುಮಾರು ಒಂದು ಗಂಟೆ. 1996ರಲ್ಲಿ ವಿದ್ವತ್ಸಭೆಯೊಂದರ ನಿಮಿತ್ತ ಅಲ್ಲಿಗೆ ಹೋಗಿದ್ದೆ. ಒಂದು ಮುಂಜಾನೆ ಶಿಂಜುಕು ನಿಲ್ದಾಣದಲ್ಲಿ ನಾನು ಹತ್ತಿದ ಡಬ್ಬಿಯಲ್ಲಿ ಕುಳಿತುಕೊಳ್ಳಲು ಆಸನವೇ ಇರಲಿಲ್ಲ. ಆಸನಗಳು ತುಂಬಿದ್ದವೆಂದಲ್ಲ, ಅವನ್ನು ಗೋಡೆಗೆ ಮಡಿಚಿಟ್ಟಿದ್ದರು! ಒಂದೊಂದು ಪಕ್ಕದಲ್ಲಿಯೂ ನಾಲ್ಕರ ಬದಲು ಆರು ಬಾಗಿಲುಗಳು. ಬೆಳಗಿನ ಹತ್ತು ಗಂಟೆಯವರೆಗೆ ಆ ಡಬ್ಬಿಯಲ್ಲಿ ಸರ್ವರಿಗೂ ನಿಂತೇ ಪ್ರಯಾಣ. 1991ರಲ್ಲಿ ಹತ್ತು ಡಬ್ಬಿಗಳ ಗಾಡಿಗೆ ಹನ್ನೊಂದನೆಯದಾಗಿ ಇದನ್ನು ಸೇರಿಸಿದರಂತೆ. ಜನಸಂದಣಿಯ ಲೆಕ್ಕ ಸರಿಯಿರಬಹುದು; ಆದರೆ ಮುಪ್ಪಿನವರು ತಪ್ಪಿ ಆ ಡಬ್ಬಿಯನ್ನು ಹತ್ತಿದರೆ ಗತಿಯೇನೆಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಆ ಗಾಡಿಯ ಹೆಸರು 205ನೆಯ ಶ್ರೇಣಿ. ಅದು ಯಮನೋತೆಯಲ್ಲಿ ಓಡತೊಡಗಿದ್ದು 1985ರಲ್ಲಿ. ಆಗ ಜಪಾನಿನ ರಾಷ್ಟ್ರೀಯ ರೈಲ್ವೆ ಸಾಲದಲ್ಲಿ ಮುಳುಗಿತ್ತು. 1987ರ ಏಪ್ರಿಲಿನಲ್ಲಿ ಅದನ್ನು ಒಡೆದು ಖಾಸಗಿ ಕಂಪನಿಗಳನ್ನಾಗಿ ಮಾಡಿದರು. 1979ರಲ್ಲಿ ಬಂದಿದ್ದ 201ನೆಯ ಶ್ರೇಣಿಯು ವಿದ್ಯುತ್ತನ್ನೇನೋ ಉಳಿಸುತ್ತಿತ್ತು, ಆದರೆ ಅದರ ಥೈರಿಸ್ಟರ್ ಚಾಪರ್ ಸಲಕರಣೆ ಬಹು ದುಬಾರಿ. ಸಾಲಗಾರನ ಮನೆಯಲ್ಲಿ ಉಳಿತಾಯಕ್ಕೂ ಅಗ್ಗದ ದಾರಿ ಬೇಕು. ಆದುದರಿಂದ 205ರಲ್ಲಿ ಹಳೆಯ ಬಗೆಯ ಮೋಟಾರನ್ನೇ ಉಳಿಸಿಕೊಂಡು, ಅದರ ಕಾಂತಕ್ಷೇತ್ರಕ್ಕೆ ಬೇರೆಯಾಗಿ ವಿದ್ಯುತ್ತನ್ನು ಊಡಿ ಹತೋಟಿ ಮಾಡುವ ಉಪಾಯವನ್ನು ಹೂಡಿದರು. ಬ್ರೇಕು ಹಾಕಿದೊಡನೆ ಮೋಟಾರು ಉತ್ಪಾದಕವಾಗುತ್ತದೆ. ಅದು ಹುಟ್ಟಿಸಿದ ವಿದ್ಯುತ್ತು ತಲೆಯ ಮೇಲಿನ ತಂತಿಗೆ ಮರಳಿ, ಅದೇ ಹೊತ್ತಿಗೆ ಹೊರಡುತ್ತಿರುವ ಮತ್ತೊಂದು ಗಾಡಿಗೆ ಒದಗುತ್ತದೆ. ನಿಲ್ದಾಣಗಳು ಒತ್ತೊತ್ತಾಗಿರುವ ಮಾರ್ಗದಲ್ಲಿ ಇದರ ಲಾಭ ಅಲ್ಪವಲ್ಲ. ಒಡಲು ತೆಳುವಾದ ಸ್ಟೇನ್‌ಲೆಸ್ ಉಕ್ಕಿನದು. ತೂಕ ಕಡಿಮೆ, ಬಣ್ಣ ಬಳಿಯುವ ಖರ್ಚಿಲ್ಲ, ಗುರುತಿಗೆ ಒಂದು ಹಸಿರು ಪಟ್ಟಿ ಸಾಕು.

2005ರಲ್ಲಿ ಯಮನೋತೆಯು ಈ ಗಾಡಿಗಳಿಗೆ ವಿದಾಯ ಹೇಳಿತು. ನಾನೂ ಮರೆತೇಬಿಟ್ಟಿದ್ದೆ.

ಜಾವಾದ ಬೋರೋಬುದುರ್ ಸ್ತೂಪವನ್ನು ಕಾಣುವ ಆಸೆಯಿಂದ 2017ರಲ್ಲಿ ಇಂಡೋನೇಷ್ಯಾಕ್ಕೆ ಹೋದಾಗ, ಜಕಾರ್ತಾದಿಂದ ಬೊಗೋರಿನ ಸಸ್ಯೋದ್ಯಾನಕ್ಕೆಂದು ಲೋಕಲ್ ಗಾಡಿ ಹತ್ತಿದೆ. ಮುಖಕ್ಕೆ ಹೊಸ ಬಣ್ಣ, ಮೊದಲ ಮತ್ತು ಕೊನೆಯ ಡಬ್ಬಿಗಳು ಸ್ತ್ರೀಯರಿಗೆ ಮೀಸಲು. ಒಳಗೆ ಬಾಗಿಲ ಬಳಿ ಕಣ್ಣು ಹಾಯಿಸಿದರೆ ಜಪಾನೀ ಅಕ್ಷರಗಳು! ಅದೇ ಉಕ್ಕಿನ ಒಡಲು, ಅದೇ 205.

ಟೋಕಿಯೋದ ಈ ಮಾರ್ಗಗಳಲ್ಲಿಯೂ ಜಕಾರ್ತಾದಲ್ಲಿಯೂ ಹಳಿಗಳ ಅಂತರ 1067 ಮಿ.ಮೀ., ನಮ್ಮ ಹಳೆಯ ಮೀಟರ್‌ಗೇಜಿಗಿಂತ ತುಸು ಅಗಲ. ತಂತಿಯ ವಿದ್ಯುತ್ತು ಎರಡೂ ಕಡೆ 1500 ವೋಲ್ಟಿನ ನೇರ ಪ್ರವಾಹ. ಹೀಗಾಗಿ 2013ರಿಂದ ಮುಂದೆ ಈ ಶ್ರೇಣಿಯ 800ಕ್ಕೂ ಹೆಚ್ಚು ಡಬ್ಬಿಗಳು ಕಡಲು ದಾಟಿದವು. ಜಕಾರ್ತಾಕ್ಕೆ ಅವುಗಳ ಅಗತ್ಯವೂ ಅಷ್ಟೇ ಇತ್ತು. ಅಲ್ಲಿ ಜನ ಗಾಡಿಯ ಮಾಳಿಗೆಯ ಮೇಲೆ, ವಿದ್ಯುತ್ ತಂತಿಯ ಕೆಳಗೇ ಕುಳಿತು ಹೋಗುತ್ತಿದ್ದರು. 2012ರಲ್ಲಿ ಅವರನ್ನು ತಡೆಯಲೆಂದು ಹಳಿಯ ಮೇಲ್ಗಡೆ ಕಾಂಕ್ರೀಟ್ ಗುಂಡುಗಳನ್ನು ತೂಗುಹಾಕಿದ್ದರೆಂದರೆ ವಾಚಕರು ನಂಬಲಾರರು. ಬಾಗಿಲು ತೆರೆದೇ ಓಡುತ್ತಿದ್ದ ಆ ಹಳೆಯ ಗಾಡಿಗಳು 2013ರಲ್ಲಿ ನಿಂತುಹೋದವು.

ಬೊಗೋರಿಗೆ ಹೋಗುವವರೆಗೂ ನನಗೆ ಕುಳಿತುಕೊಳ್ಳಲು ಸ್ಥಳ ದೊರೆಯಲಿಲ್ಲ. ಹಿಂದಿರುಗುವಾಗ ಮಾತ್ರ ಪುಸ್ತಕ ಹಿಡಿದಿದ್ದ ವಿದ್ಯಾರ್ಥಿಯೊಬ್ಬನು ಮಾತಿಲ್ಲದೆ ಎದ್ದು, ತನ್ನ ಆಸನವನ್ನು ಕೈಯಿಂದ ತೋರಿಸಿ ಬಾಗಿಲ ಬಳಿ ಹೋಗಿ ನಿಂತನು.